ಫೋಟೊ ತೆಗೆದ ಮೇಲೆ ಎಡಿಟ್ ಬೇಕೇ? ಬೇಕಿದ್ದರೆ ಎಷ್ಟು?

‘ನಾನು ಎಡಿಟ್ ಮಾಡುವುದೇ ಇಲ್ಲ, ತೆಗೆದದ್ದನ್ನು ತೆಗೆದ ಹಾಗೇ ಇಡುತ್ತೇನೆ’ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಅವರ ಕೈಯಲ್ಲಿರುವುದು ಜೆಪೆಗ್ (ಕ್ಯಾಮೆರಾ, ಮೊಬೈಲ್ ಸಾಮಾನ್ಯವಾಗಿ ಕೊಡುವ ಕುಗ್ಗಿಸಿದ ಫೋಟೊ) ಫೈಲ್ ಆಗಿದ್ದರೆ ಅದು ಆಗಲೇ ಎಡಿಟ್ ಆಗಿದೆ. ಮಾಡಿದ್ದು ಕ್ಯಾಮೆರಾ, ಅಷ್ಟೇ.

ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ಗೆ ಬಣ್ಣ ಗೊತ್ತಿಲ್ಲ, ಎಷ್ಟು ಬೆಳಕು ಬಿತ್ತು ಎಂಬುದಷ್ಟೇ ಗೊತ್ತು. ಅದಕ್ಕೆಂದೇ ಪ್ರತಿ ಪಿಕ್ಸೆಲ್ ಮೇಲೆ ಕೆಂಪು, ಹಸಿರು ಅಥವಾ ನೀಲಿಯ ಪುಟ್ಟ ಫಿಲ್ಟರ್ ಇರುತ್ತದೆ. ಕೊಡಾಕ್‌ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಜೋಡಣೆಯೇ ಇಂದಿಗೂ ಬಹುತೇಕ ಕ್ಯಾಮೆರಾಗಳಲ್ಲಿದೆ: ಅರ್ಧ ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಅಂದರೆ ಒಂದೊಂದು ಪಿಕ್ಸೆಲ್‌ನಲ್ಲೂ ಮೂರರಲ್ಲಿ ಎರಡು ಬಣ್ಣ ಅಳತೆಗೆ ಸಿಕ್ಕಿರುವುದೇ ಇಲ್ಲ. ಅಕ್ಕಪಕ್ಕದವನ್ನು ನೋಡಿ ಲೆಕ್ಕ ಹಾಕಿ ತುಂಬಿಸಲಾಗುತ್ತದೆ. ಆಮೇಲೆ ಕ್ಯಾಮೆರಾ ಬಣ್ಣ ಹೊಂದಿಸುತ್ತದೆ, ಕಾಂಟ್ರಾಸ್ಟ್ ಏರಿಸುತ್ತದೆ, ನಾಯ್ಸ್ (ಚಿತ್ರದಲ್ಲಿ ಕಾಳು ಕಾಳಾಗಿ ಕಾಣುವ ಚುಕ್ಕೆಗಳು) ತಗ್ಗಿಸುತ್ತದೆ, ಅಂಚುಗಳನ್ನು ತೀಕ್ಷ್ಣಗೊಳಿಸುತ್ತದೆ, ಕೊನೆಗೆ ಫೈಲನ್ನು ಕುಗ್ಗಿಸಿ ಕೈಗಿಡುತ್ತದೆ. ಈಗಿನ ಮೊಬೈಲ್‌ಗಳು ಇನ್ನೂ ಒಂದು ಕೈ ಮೇಲೆ. ನೀವು ಒಮ್ಮೆ ಒತ್ತಿದರೆ ಅವು ಹಲವು ಫ್ರೇಮ್ ತೆಗೆದು ಒಂದಾಗಿ ಬೆರೆಸುತ್ತವೆ.

ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕ್ಯಾಮೆರಾದ ತೀರ್ಮಾನ ನನಗೆ ಒಪ್ಪಿಗೆಯೇ? ಒಪ್ಪಿಗೆಯಾದರೆ ಮುಟ್ಟಲೇಬೇಡಿ. ಇಲ್ಲವಾದರೆ ಈ ಕ್ರಮದಲ್ಲಿ ಮುಂದುವರಿಯಿರಿ.

1. ಮೊದಲು ಆರಿಸಿ

ಫೋಕಸ್ ತಪ್ಪಿದ್ದು, ಕೈ ಅಲುಗಿ ಕದಡಿದ್ದು, ಕಣ್ಣು ಮುಚ್ಚಿದ್ದು – ಇವನ್ನೆಲ್ಲ ಆ್ಯಪ್ ಬಂದು ಉದ್ಧಾರ ಮಾಡುತ್ತದೆ ಎಂಬ ಆಸೆ ಬೇಡ, ಅಳಿಸಿಬಿಡಿ. ಒಂದೇ ದೃಶ್ಯದ ಹತ್ತು ಫೋಟೊಗಳಿದ್ದರೆ ಒಂದನ್ನೋ ಎರಡನ್ನೋ ಉಳಿಸಿಕೊಳ್ಳಿ. ಎಡಿಟಿಂಗ್‌ನಲ್ಲಿ ಅತಿ ಹೆಚ್ಚು ಸಮಯ ಉಳಿಸುವ ಕೆಲಸ ಇದೇ.

2. ಮೂಲ ಫೈಲ್ ಜೋಪಾನ

ಲೈಟ್‌ರೂಮ್, ಡಾರ್ಕ್‌ಟೇಬಲ್‌ನಂಥ ತಂತ್ರಾಂಶಗಳು ಮೂಲ ಫೋಟೊವನ್ನು ಮುಟ್ಟುವುದಿಲ್ಲ. ನೀವು ಮಾಡಿದ ಬದಲಾವಣೆಗಳ ಪಟ್ಟಿಯನ್ನಷ್ಟೇ ಬೇರೆಯಾಗಿ ಬರೆದಿಡುತ್ತವೆ. ಎಲ್ಲ ಆ್ಯಪ್‌ಗಳೂ ಹೀಗಲ್ಲ. ಕೆಲವು ಮೂಲದ ಮೇಲೆಯೇ ಸೇವ್ ಮಾಡಿಬಿಡುತ್ತವೆ. ‘ಸೇವ್ ಕಾಪಿ’ ಎಂಬ ಆಯ್ಕೆ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಕ್ಯಾಮೆರಾದಲ್ಲಿ ‘ರಾ’ (ಸೆನ್ಸರ್ ಅಳೆದದ್ದನ್ನು ತಿದ್ದದೆ ಹಾಗೇ ಇಡುವ ಫೈಲ್) ಸೌಲಭ್ಯ ಇದ್ದರೆ, ಬೆಳಕು ತೊಡಕಾಗಿರುವ ಕಡೆಯಾದರೂ ಅದನ್ನು ಬಳಸಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ ಇರುತ್ತವೆ. 12 ಬಿಟ್ ರಾ ಫೈಲ್‌ನಲ್ಲಿ 4096, 14 ಬಿಟ್‌ನದರಲ್ಲಿ 16,384. ಕತ್ತಲಾಗಿ ಬಂದ ಆಕಾಶವನ್ನು ಬೆಳಗಿಸಿದಾಗ ಜೆಪೆಗ್‌ನಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುವುದು ಈ ಹಂತಗಳು ಸಾಲದೇ ಇರುವುದರಿಂದ.

3. ನೇರ ಮಾಡಿ, ಕತ್ತರಿಸಿ

ಸಮುದ್ರದ ಅಂಚು ವಾಲಿದ್ದರೆ ನೀರು ಒಂದು ಕಡೆ ಸುರಿದು ಹೋಗುವಂತೆ ಕಾಣುತ್ತದೆ. ಅದನ್ನು ಸರಿಪಡಿಸಲು ಐದು ಸೆಕೆಂಡ್ ಸಾಕು. ಕ್ರಾಪ್ ಮಾಡುವಾಗ ಮಾತ್ರ ಲೆಕ್ಕ ನೆನಪಿರಲಿ. 24 ಮೆಗಾಪಿಕ್ಸೆಲ್ ಫೋಟೊ ಸಾಮಾನ್ಯವಾಗಿ 6000×4000 ಪಿಕ್ಸೆಲ್ ಇರುತ್ತದೆ. ಅಗಲ, ಎತ್ತರ ಎರಡನ್ನೂ ಅರ್ಧ ಮಾಡಿದರೆ ಉಳಿಯುವುದು 12 ಅಲ್ಲ, 6 ಮೆಗಾಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ 10 ಇಂಚು ಅಗಲಕ್ಕೆ ಅದು ಸಾಕು, ಗೋಡೆಯಗಲದ ಚಿತ್ರಕ್ಕೆ ಸಾಲದು.

4. ವೈಟ್ ಬ್ಯಾಲೆನ್ಸ್

ಬೆಳಕಿನ ಬಣ್ಣ ಯಾವುದೇ ಇರಲಿ, ಬಿಳಿಯನ್ನು ಬಿಳಿಯಾಗಿ ಕಾಣಿಸುವ ಹೊಂದಾಣಿಕೆ ಇದು. ಫೋಟೊ ‘ಯಾಕೋ ಸರಿಯಿಲ್ಲ’ ಅನ್ನಿಸಿದರೆ ಬಹುತೇಕ ಇಲ್ಲಿಯೇ ಎಡವಟ್ಟಾಗಿರುತ್ತದೆ. ಹಳದಿ ಬಲ್ಬಿನ ಬೆಳಕು ಸುಮಾರು 2700ರಿಂದ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ನಡುಹಗಲಿನ ಬಿಸಿಲು ಸುಮಾರು 5500. ಎರಡರಲ್ಲೂ ಬಿಳಿ ಕಾಗದ ನಮಗೆ ಬಿಳಿಯಾಗಿಯೇ ಕಾಣುತ್ತದೆ, ಏಕೆಂದರೆ ಕಣ್ಣು ಮತ್ತು ಮಿದುಳು ಸೇರಿ ಸದ್ದಿಲ್ಲದೆ ಹೊಂದಿಸಿಕೊಳ್ಳುತ್ತವೆ. ಕ್ಯಾಮೆರಾ ಊಹಿಸಬೇಕು, ಊಹೆ ತಪ್ಪಿದಾಗ ಮುಖ ಕಾಮಾಲೆ ಬಂದಂತೆ ಹಳದಿಯಾಗುತ್ತದೆ.

ಎಡಿಟರ್‌ನಲ್ಲಿ ಡ್ರಾಪರ್ ಗುರುತು ಇರುತ್ತದೆ. ಅದನ್ನು ಆರಿಸಿಕೊಂಡು ಫೋಟೊದಲ್ಲಿ ನಿಜಕ್ಕೂ ಬೂದು ಅಥವಾ ಬಿಳಿ ಇರುವ ಜಾಗದ ಮೇಲೆ ಒತ್ತಿ. ಬೆಳಕಿಗೆ ಪೂರ್ತಿ ಸುಟ್ಟು ಬಿಳುಚಿದ ಜಾಗವನ್ನು ಒತ್ತಿದರೆ ಪ್ರಯೋಜನವಿಲ್ಲ, ಅಲ್ಲಿ ಬಣ್ಣದ ಮಾಹಿತಿಯೇ ಉಳಿದಿರುವುದಿಲ್ಲ. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಬಲ್ಬು ಇದ್ದರೆ ಎರಡನ್ನೂ ಒಂದೇ ಸ್ಲೈಡರ್‌ನಲ್ಲಿ ಸರಿಪಡಿಸಲು ಆಗದು. ಮುಖ ಸರಿಯಾದರೆ ಗೋಡೆ ಹೇಗಾದರೂ ಇರಲಿ ಬಿಡಿ.

ಸೂರ್ಯಾಸ್ತಕ್ಕೆ ಈ ನಿಯಮ ಹಚ್ಚಬೇಡಿ. ಅಲ್ಲಿ ಬಿಳಿಯನ್ನು ಬಿಳಿ ಮಾಡಲು ಹೋದರೆ ಹೊಂಬಣ್ಣವೇ ಮಾಯ. ಆಟೊ ಮೋಡ್‌ನಲ್ಲಿರುವ ಕ್ಯಾಮೆರಾ ಎಷ್ಟೋ ಸಲ ಇದನ್ನೇ ಮಾಡಿರುತ್ತದೆ. ‘ಡೇಲೈಟ್’ ಆಯ್ಕೆಗೆ ಬದಲಿಸಿ ನೋಡಿ, ಸಂಜೆ ಮರಳಿ ಬರುತ್ತದೆ.

5. ಬೆಳಕು

ಹಿಸ್ಟೋಗ್ರಾಮ್ (ಫೋಟೊದಲ್ಲಿ ಯಾವ ಮಟ್ಟದ ಬೆಳಕು ಎಷ್ಟಿದೆ ಎಂದು ತೋರುವ ನಕ್ಷೆ) ತೆರೆಯಿರಿ. ಎಡತುದಿ ಕಪ್ಪು, ಬಲತುದಿ ಬಿಳಿ. ಗುಡ್ಡದಂಥ ಆ ಆಕೃತಿ ಬಲಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಆ ಭಾಗ ಸುಟ್ಟುಹೋಗಿದೆ ಎಂದರ್ಥ. ಜೆಪೆಗ್‌ನಲ್ಲಿ ಅಲ್ಲಿನ ಮೌಲ್ಯ 255, ಅಂದರೆ ಕೊನೆಯ ಹಂತ. ‘ಹೈಲೈಟ್ಸ್’ ಎಷ್ಟು ಇಳಿಸಿದರೂ ಮೋಡ ಕಾಣಿಸಿಕೊಳ್ಳುವುದಿಲ್ಲ, ಬಿಳಿ ತೇಪೆ ಬೂದು ತೇಪೆಯಾಗುತ್ತದೆ. ನೆರಳಿನ ಭಾಗ ಹಾಗಲ್ಲ. ‘ಶ್ಯಾಡೋಸ್’ ಏರಿಸಿದರೆ ಅಡಗಿದ್ದದ್ದು ಹೊರಬರುತ್ತದೆ, ಜೊತೆಗೆ ನಾಯ್ಸ್ ಕೂಡ. ಆದ್ದರಿಂದ ಶ್ಯಾಡೋಸ್ ಏರಿಸುವಾಗ ಸ್ವಲ್ಪ ಕೈ ಬಿಗಿ ಹಿಡಿಯಿರಿ. ಅತಿಯಾದರೆ ಆಕಾಶಕ್ಕೆ ಎದುರಾಗಿ ನಿಂತ ಮರದ ಸುತ್ತ ಬೆಳ್ಳಗೆ ಪ್ರಭಾವಳಿ ಮೂಡುತ್ತದೆ. ದೇವರ ಫೋಟೊಗೆ ಅದು ಚೆಂದ, ಮರಕ್ಕಲ್ಲ.

ಇನ್ನೊಂದು ಸಂಗತಿ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ದೃಶ್ಯವನ್ನು ನಡುಮಟ್ಟದ ಬೂದು ಬಣ್ಣದತ್ತ ಎಳೆಯುತ್ತದೆ. ಅದಕ್ಕೇ ಹಿಮ ಬೂದು ಬಣ್ಣವಾಗಿಯೂ ಕರಿ ನಾಯಿ ಮಾಸಲಾಗಿಯೂ ಬರುವುದು. ಹಿಮಕ್ಕೆ ಎಕ್ಸ್‌ಪೋಷರ್ (ಒಟ್ಟಾರೆ ಬೆಳಕು) ಏರಿಸಿ, ನಾಯಿಗೆ ಇಳಿಸಿ.

ಮುಖಕ್ಕೆ ಮಾತ್ರ ತುಸು ಬೆಳಕು ಬೇಕಿದ್ದರೆ ಇಡೀ ಚಿತ್ರವನ್ನು ಬೆಳಗಿಸಬೇಡಿ. ಬ್ರಷ್ ಬಳಸಿ ಆ ಜಾಗವನ್ನಷ್ಟೇ ಸವರಿ. ಇದು ಮೋಸ ಅನ್ನಿಸಿದರೆ ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆ್ಯಡಮ್ಸ್ ಅವರನ್ನು ನೆನಪಿಸಿಕೊಳ್ಳಿ. ಅವರು 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್‌ನಲ್ಲಿ ತೆಗೆದ ಚಂದ್ರೋದಯದ ಒಂದೇ ನೆಗೆಟಿವ್‌ನಿಂದ ದಶಕಗಳ ಕಾಲ ಪ್ರಿಂಟ್ ಹಾಕಿದರು. ಡಾರ್ಕ್‌ರೂಮ್‌ನಲ್ಲಿ ಅವರ ಕೈಚಳಕದಿಂದ ಆಕಾಶ ವರ್ಷ ಕಳೆದಂತೆ ಕಪ್ಪಾಗುತ್ತಾ ಹೋಯಿತು.

6. ಬಣ್ಣ

ಸ್ಯಾಚುರೇಷನ್ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಏರಿಸುತ್ತದೆ, ವೈಬ್ರನ್ಸ್ ಮುಖ್ಯವಾಗಿ ಮಂಕಾದವುಗಳನ್ನು. ಜನರಿರುವ ಫೋಟೊಗೆ ವೈಬ್ರನ್ಸ್ ವಾಸಿ. ಎಷ್ಟು ಎಂಬುದಕ್ಕೆ ಒಂದು ಪರೀಕ್ಷೆ: ಕೆಂಪು ಹೂವಿನ ದಳವನ್ನು ದೊಡ್ಡದು ಮಾಡಿ ನೋಡುತ್ತಾ ಸ್ಲೈಡರ್ ಏರಿಸಿ. ಮೊದಲು ದಳದ ಗೆರೆಗಳು ತೆಳುವಾಗುತ್ತವೆ, ಆಮೇಲೆ ಮಡಿಕೆಯ ನೆರಳು ಹೋಗುತ್ತದೆ, ಕೊನೆಗೆ ಕೆಂಪು ಬಳಿದ ಪ್ಲಾಸ್ಟಿಕ್ ತುಂಡಿನಂತಾಗುತ್ತದೆ. ಗೆರೆ ಮಾಸತೊಡಗಿದಲ್ಲೇ ನಿಲ್ಲಿಸಿ, ಸ್ವಲ್ಪ ಹಿಂದೆ ಬನ್ನಿ.

7. ನಾಯ್ಸ್, ಶಾರ್ಪನಿಂಗ್

ಇವೆರಡನ್ನೂ 100 ಶೇಕಡಾ ಗಾತ್ರದಲ್ಲಿ ನೋಡಿಯೇ ಮಾಡಬೇಕು. ನಾಯ್ಸ್ ಪೂರ್ತಿ ಒರೆಸಿದರೆ ಚರ್ಮದ ರಂಧ್ರಗಳೂ ಒರೆಸಿಹೋಗಿ ಮೇಣದ ಗೊಂಬೆ ಉಳಿಯುತ್ತದೆ. ಶಾರ್ಪನಿಂಗ್ (ಅಂಚು ತೀಕ್ಷ್ಣಗೊಳಿಸುವುದು) ಕೊನೆಗಿರಲಿ, ಅದೂ ಗಾತ್ರ ಬದಲಿಸಿದ ನಂತರ. ಮೊಡವೆ ತೆಗೆಯಬೇಕೇ? ವಾರದಲ್ಲಿ ತಾನೇ ಮಾಯುವಂಥದ್ದನ್ನು ತೆಗೆಯಿರಿ, ಹುಟ್ಟು ಮಚ್ಚೆಯನ್ನು ಬಿಡಿ. ಇದು ನನ್ನ ಲೆಕ್ಕ.

8. ಎದ್ದು ಹೋಗಿ, ಮತ್ತೆ ಬನ್ನಿ

ಒಂದೇ ಫೋಟೊವನ್ನು ದಿಟ್ಟಿಸುತ್ತಾ ಕುಳಿತರೆ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ, ಪ್ರತಿ ಸ್ಲೈಡರ್ ‘ಇನ್ನೂ ಸ್ವಲ್ಪ’ ಎನ್ನುತ್ತದೆ. ಬೇರೆ ಕೆಲಸ ಮುಗಿಸಿ ಬಂದು ಮೂಲದ ಜೊತೆ ಹೋಲಿಸಿ. ಪರದೆಯ ಬೆಳಕನ್ನು ನಡುಮಟ್ಟದಲ್ಲಿಡಿ, ರಾತ್ರಿಯ ಹಳದಿ ಫಿಲ್ಟರ್ ಆನ್ ಆಗಿದ್ದರೆ ಆಫ್ ಮಾಡಿ. ಪರದೆ ಅತಿಯಾಗಿ ಬೆಳಗುತ್ತಿದ್ದರೆ ನೀವು ಫೋಟೊವನ್ನು ಬೇಕಾದ್ದಕ್ಕಿಂತ ಕಪ್ಪಾಗಿಸುತ್ತೀರಿ, ಪ್ರಿಂಟ್ ಕೈಗೆ ಬಂದಾಗಲೇ ಅದು ಗೊತ್ತಾಗುವುದು.

9. ಸೇವ್

ಜೆಪೆಗ್ ಅನ್ನು ತೆರೆದು, ಬದಲಿಸಿ, ಸೇವ್ ಮಾಡಿದಷ್ಟೂ ಸಲ ಸ್ವಲ್ಪ ಸ್ವಲ್ಪ ಗುಣಮಟ್ಟ ಹೋಗುತ್ತದೆ. ಮತ್ತೆ ತಿದ್ದಬೇಕಾದರೆ ಮೂಲದಿಂದಲೇ ಶುರು ಮಾಡಿ. ಹಂಚಿಕೊಳ್ಳುವ ಪ್ರತಿಗೆ, ಬಹುತೇಕ ಪರದೆಗಳಿಗೆ ಹೊಂದುವ ಎಸ್‌ಆರ್‌ಜಿಬಿ ಬಣ್ಣಪದ್ಧತಿ ಆರಿಸಿ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದು ಕುಗ್ಗದೆ ಹೋಗುತ್ತದೆ.

ಇಲ್ಲಿ ಮಾತ್ರ ಹುಷಾರು

ಮನೆ ಆಲ್ಬಮ್‌ನಲ್ಲಿ ಏನು ಮಾಡಿದರೂ ನಿಮ್ಮಿಷ್ಟ. ಸುದ್ದಿಚಿತ್ರಕ್ಕೆ ಬೇರೆಯೇ ಕಾನೂನು. ನ್ಯಾಷನಲ್ ಜಿಯಾಗ್ರಫಿಕ್ 1982ರ ಫೆಬ್ರುವರಿ ಸಂಚಿಕೆಯ ಮುಖಪುಟಕ್ಕೆ ಹೊಂದಲೆಂದು ಗೀಜಾದ ಪಿರಮಿಡ್‌ಗಳನ್ನು ಕಂಪ್ಯೂಟರ್‌ನಲ್ಲಿ ಹತ್ತಿರ ಸರಿಸಿತ್ತು, ಆ ಟೀಕೆ ಇನ್ನೂ ಅದರ ಬೆನ್ನು ಬಿಟ್ಟಿಲ್ಲ. ಸುದ್ದಿಸಂಸ್ಥೆ ರಾಯಿಟರ್ಸ್ 2015ರಲ್ಲಿ ತನಗೆ ಚಿತ್ರ ಕೊಡುವ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ, ರಾ ಫೈಲ್‌ನಿಂದ ತಯಾರಿಸಿದ ಚಿತ್ರ ಬೇಡ, ಕ್ಯಾಮೆರಾವೇ ಕೊಟ್ಟ ಜೆಪೆಗ್ ಕಳಿಸಿ ಎಂದಿತು. ಕತ್ತರಿಸುವುದು, ಬೆಳಕನ್ನು ತುಸು ಹೊಂದಿಸುವುದಕ್ಕೆ ಅಡ್ಡಿ ಇರಲಿಲ್ಲ. ಅದೇ ವರ್ಷ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಅಂತಿಮ ಹಂತದ ಹಿಂದಿನ ಸುತ್ತಿಗೆ ಬಂದವುಗಳ ಪೈಕಿ ಸುಮಾರು 20 ಶೇಕಡಾ ಚಿತ್ರಗಳು ಅತಿಯಾದ ತಿದ್ದುಪಡಿಗಾಗಿ ಹೊರಬಿದ್ದವು. ಮೂಲ ಫೈಲ್ ತರಿಸಿಕೊಂಡು ಪಕ್ಕದಲ್ಲಿಟ್ಟು ನೋಡಿಯೇ ಅಲ್ಲಿ ತೀರ್ಮಾನ ಮಾಡುತ್ತಾರೆ. ಸ್ಪರ್ಧೆಗೆ ಕಳಿಸುವ ಇರಾದೆ ಇದ್ದರೆ ನಿಯಮ ಓದಿ ಆಮೇಲೆ ಸ್ಲೈಡರ್ ಮುಟ್ಟಿ, ಮೆಮೊರಿ ಕಾರ್ಡ್ ಖಾಲಿ ಮಾಡುವ ಮುಂಚೆ ಮೂಲವನ್ನು ಎರಡು ಕಡೆ ಕಾಪಿ ಮಾಡಿಡಿ.