ಫೋನಿನ ‘ಗುರ್’ ಹದಕ್ಕೆ ತನ್ನಿ: ಬೇಕಾದ್ದಕ್ಕೆ ಜೋರು, ಬೇಡದ್ದಕ್ಕೆ ಬಂದ್

ಬಳ್ಳಾರಿಯ ಕೌಲ್ ಬಜಾರ್ ಕಡೆ ಯಾವುದಾದರೂ ಜೀನ್ಸ್ ಹೊಲಿಯುವ ಶೆಡ್ಡಿಗೆ ಕಾಲಿಟ್ಟು ನೋಡಿ. ಸಾಲಾಗಿ ಮೆಷಿನ್‌ಗಳು ಓಡುತ್ತಿರುತ್ತವೆ. ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಜೇಬಿನಲ್ಲಿರುವ ಫೋನಿನ ರಿಂಗ್ ಎಲ್ಲಿ ಕೇಳಬೇಕು? ವೈಬ್ರೇಷನ್ ಇದೆಯಲ್ಲ ಅಂದರೆ ಅದೂ ಗೊತ್ತಾಗುವುದಿಲ್ಲ. ಊಟದ ಹೊತ್ತಿಗೆ ತೆಗೆದು ನೋಡಿದರೆ ಮಿಸ್ಡ್ ಕಾಲ್‌ಗಳ ಸಾಲು. ‘ಎಷ್ಟು ಸಲ ಫೋನ್ ಹಚ್ಚಿದ್ರೂ ಎತ್ತಂಗಿಲ್ಲಲ್ಲ’ ಅಂತ ಮನೆಯವರ ಬೈಗುಳ ಬೇರೆ. ಅದೇ ಫೋನನ್ನು ರಾತ್ರಿ ತಲೆ ಹತ್ತಿರ ಇಟ್ಟುಕೊಂಡರೆ, ಗ್ರೂಪಿಗೆ ಬರುವ ಒಂದೊಂದು ‘ಶುಭರಾತ್ರಿ’ಗೂ ಗುರ್ ಅನ್ನುತ್ತದೆ.

ಈ ಎರಡೂ ತಕರಾರಿಗೆ ಮೂಲ ಒಂದೇ. ಬಹಳಷ್ಟು ಫೋನ್‌ಗಳಲ್ಲಿ ವೈಬ್ರೇಷನ್ ಎಲ್ಲದಕ್ಕೂ ಆನ್ ಆಗಿಯೇ ಬಂದಿರುತ್ತದೆ. ಕಾಲ್ ಬಂದರೂ ಗುರ್, ಆಫರ್ ಮೆಸೇಜ್ ಬಂದರೂ ಗುರ್, ಒಂದು ಅಕ್ಷರ ಒತ್ತಿದರೂ ಗುರ್. ದಿನವಿಡೀ ಹೀಗಾದರೆ ಮೈ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೆಲವರಿಗಂತೂ ಫೋನ್ ಸುಮ್ಮನಿದ್ದರೂ ತೊಡೆ ಹತ್ತಿರ ಏನೋ ಅದುರಿದ ಹಾಗೆ ಅನಿಸುತ್ತದೆ. ಹಾಗಾಗಿ ಜೋರು ಮಾಡುವುದು ಆಮೇಲೆ. ಮೊದಲು ಕಡಿಮೆ ಮಾಡುವುದನ್ನು ಕಲಿಯೋಣ. ಬೇಡದ್ದು ನಿಂತರೆ ಬೇಕಾದ್ದು ತಾನಾಗಿಯೇ ಗೊತ್ತಾಗುತ್ತದೆ.

ಒಳಗಿರುವುದು ಏನು?

ಫೋನಿನೊಳಗೆ ಪುಟ್ಟದೊಂದು ವೈಬ್ರೇಷನ್ ಮೋಟರ್ ಇರುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಹಳೆಯ ಬಗೆಯದರಲ್ಲಿ ಮೋಟರಿನ ಕಡ್ಡಿಗೆ ಒಂದೇ ಕಡೆ ಭಾರ ಇರುವ ತುಂಡು ಸಿಕ್ಕಿಸಿರುತ್ತಾರೆ. ಅದು ತಿರುಗಿದಾಗ ಸಮತೋಲ ತಪ್ಪಿ ಇಡೀ ಫೋನ್ ಅದುರುತ್ತದೆ. ವೇಗ ಹಿಡಿಯಲು ಒಂದಿಷ್ಟು ಹೊತ್ತು ಬೇಕು, ನಿಲ್ಲಲೂ ಅಷ್ಟೇ. ಅದಕ್ಕೇ ಕಡಿಮೆ ಬೆಲೆಯ ಫೋನ್‌ಗಳಲ್ಲಿ ಕೀಲಿ ಒತ್ತಿದಾಗ ಒಂಥರಾ ಗರಗರ ಅನ್ನುವ, ಎಳೆದಂತಿರುವ ವೈಬ್ರೇಷನ್. ಇನ್ನೊಂದು ಬಗೆಯದರಲ್ಲಿ ಸುರುಳಿ ತಂತಿ, ಅಯಸ್ಕಾಂತ ಮತ್ತು ಸ್ಪ್ರಿಂಗ್ ಇರುತ್ತವೆ. ಒಳಗಿನ ಭಾರ ತಿರುಗುವುದಿಲ್ಲ, ಹಿಂದೆ ಮುಂದೆ ಆಡುತ್ತದೆ, ಸೆಕೆಂಡಿಗೆ ಸುಮಾರು 150ರಿಂದ 250 ಸಲ. ಥಟ್ಟನೆ ಶುರು, ಥಟ್ಟನೆ ಬಂದ್. ಬೆರಳಿಗೆ ಟಿಕ್ ಅಂತ ತಾಗುವ ಈ ಸಣ್ಣ ಅದುರುವಿಕೆಗೇ ಸೆಟ್ಟಿಂಗ್ಸ್‌ನಲ್ಲಿ ಹ್ಯಾಪ್ಟಿಕ್ಸ್ ಅಂತ ಹೆಸರು.

ಇದನ್ನು ಹೇಳಿದ್ದು ಸುಮ್ನೆ ಅಲ್ಲ. ಕೆಲವು ಫೋನ್‌ಗಳಲ್ಲಿ ವೈಬ್ರೇಷನ್ ಎಷ್ಟು ಜೋರಿರಬೇಕು ಎಂದು ಎಳೆದು ಹೊಂದಿಸುವ ಪಟ್ಟಿ ಇರುತ್ತದೆ. ಕೆಲವದರಲ್ಲಿ ಆನ್ ಮತ್ತು ಆಫ್ ಬಿಟ್ಟರೆ ಬೇರೇನೂ ಇರುವುದಿಲ್ಲ. ನಿಮ್ಮದರಲ್ಲಿ ಪಟ್ಟಿ ಕಾಣದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಳಗಿನ ಮೋಟರಿಗೆ ಅಷ್ಟೇ ಶಕ್ತಿ. ‘ವೈಬ್ರೇಷನ್ ಬೂಸ್ಟರ್’ ಎಂಬ ಆ್ಯಪ್ ಹಾಕಿಕೊಂಡರೆ ಮೋಟರ್ ಬದಲಾಗುವುದಿಲ್ಲ, ಜಾಹೀರಾತು ಮಾತ್ರ ಜಾಸ್ತಿ ಆಗುತ್ತದೆ.

ಮೊದಲು ಇವನ್ನು ನೋಡಿ

ವೈಬ್ರೇಷನ್ ಬರುತ್ತಲೇ ಇಲ್ಲ ಅನ್ನುವವರು ಅಂಗಡಿಗೆ ಓಡುವ ಮೊದಲು ಮೇಲಿನಿಂದ ಬೆರಳು ಎಳೆದು ಎರಡು ಗುರುತು ನೋಡಿಕೊಳ್ಳಿ. ಒಂದು, ಬ್ಯಾಟರಿ ಸೇವರ್. ಇದು ಆನ್ ಇದ್ದರೆ ಹಲವು ಫೋನ್‌ಗಳಲ್ಲಿ ಟೈಪ್ ಮಾಡುವಾಗಿನ ಮತ್ತು ನೋಟಿಫಿಕೇಷನ್‌ನ ವೈಬ್ರೇಷನ್ ತಾನಾಗಿಯೇ ನಿಂತುಬಿಡುತ್ತದೆ. ಕಾಲ್ ಬಂದಾಗ ಮಾತ್ರ ಅದುರುತ್ತದೆ. ‘ಅರ್ಧಂಬರ್ಧ ಕೆಟ್ಟಿದೆ’ ಎಂದು ಜನ ಅಂದುಕೊಳ್ಳುವುದು ಇಲ್ಲೇ. ಎರಡು, ಡು ನಾಟ್ ಡಿಸ್ಟರ್ಬ್, ಅಂದರೆ ಕಾಲ್, ಮೆಸೇಜ್ ಬಂದರೂ ಫೋನ್ ಸುಮ್ಮನಿರುವಂತೆ ಮಾಡುವ ಸ್ವಿಚ್. ಇದನ್ನು ಯಾವಾಗಲೋ ಒತ್ತಿ ಮರೆತಿರುತ್ತೇವೆ.

ಹಾಗೆಯೇ ಸೈಲೆಂಟ್ ಬೇರೆ, ವೈಬ್ರೇಟ್ ಬೇರೆ. ವಾಲ್ಯೂಮ್ ಗುಂಡಿ ಒತ್ತಿದಾಗ ಪರದೆಯ ಮೇಲೆ ಗಂಟೆಯ ಚಿತ್ರ ಬರುತ್ತದಲ್ಲ, ಅದನ್ನು ಮುಟ್ಟಿದರೆ ಹೆಚ್ಚಿನ ಫೋನ್‌ಗಳಲ್ಲಿ ಇವು ಬದಲಾಗುತ್ತವೆ. ಸ್ಯಾಮ್‌ಸಂಗ್‌ನಲ್ಲಿ ಮೇಲಿನಿಂದ ಎಳೆದು ಸೌಂಡ್ ಚಿತ್ರ ಒತ್ತಿದರೆ ಸಾಕು. ಗೂಗಲ್‌ನ ಪಿಕ್ಸೆಲ್ ಫೋನ್‌ನಲ್ಲಿ ಪವರ್ ಗುಂಡಿ ಮತ್ತು ವಾಲ್ಯೂಮ್ ಏರಿಸುವ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ವೈಬ್ರೇಟ್‌ಗೆ ಹಾಕಬಹುದು. ಕನಕದುರ್ಗಮ್ಮನ ಗುಡಿಯಲ್ಲಿ ಮಂಗಳಾರತಿ ಹೊತ್ತಿಗೆ ಸಿನಿಮಾ ಹಾಡು ಕೂಗಿ ಎಲ್ಲರೂ ತಿರುಗಿ ನೋಡುವುದನ್ನು ತಪ್ಪಿಸಲು ಇಷ್ಟು ಸಾಕು.

ಮುಖ್ಯ ಸೆಟ್ಟಿಂಗ್ ಎಲ್ಲಿದೆ?

ಕಂಪನಿಯಿಂದ ಕಂಪನಿಗೆ ದಾರಿ ಬೇರೆ. ಆ್ಯಂಡ್ರಾಯ್ಡ್ 13 ಅಥವಾ ಅದರ ಮೇಲಿನ ಪಿಕ್ಸೆಲ್‌ನಂಥ ಫೋನ್‌ಗಳಲ್ಲಿ ಸೆಟ್ಟಿಂಗ್ಸ್ ತೆರೆದು, ಸೌಂಡ್ ಆ್ಯಂಡ್ ವೈಬ್ರೇಷನ್ ಒತ್ತಿ, ಅಲ್ಲಿ ವೈಬ್ರೇಷನ್ ಆ್ಯಂಡ್ ಹ್ಯಾಪ್ಟಿಕ್ಸ್ ಒತ್ತಿ. ಸ್ಯಾಮ್‌ಸಂಗ್‌ನಲ್ಲಿ ಸೌಂಡ್ಸ್ ಆ್ಯಂಡ್ ವೈಬ್ರೇಷನ್ ಪುಟದಲ್ಲೇ ವೈಬ್ರೇಷನ್ ಇಂಟೆನ್ಸಿಟಿ, ಕಾಲ್ ವೈಬ್ರೇಷನ್, ಸಿಸ್ಟಮ್ ವೈಬ್ರೇಷನ್ ಅಂತ ಬೇರೆ ಬೇರೆ ಸಾಲು ಇರುತ್ತವೆ. ರೆಡ್‌ಮಿ, ವಿವೊ, ಒಪ್ಪೊ, ರಿಯಲ್‌ಮಿ ಫೋನ್‌ಗಳಲ್ಲಿ ಪ್ರತಿ ಅಪ್‌ಡೇಟಿಗೂ ಹೆಸರು ಸ್ವಲ್ಪ ಬದಲಾಗುತ್ತಲೇ ಇರುತ್ತದೆ. ಅದನ್ನೆಲ್ಲ ನೆನಪಿಟ್ಟುಕೊಳ್ಳುವ ಗೋಜು ಬೇಡ. ಸೆಟ್ಟಿಂಗ್ಸ್ ತೆರೆದ ಕೂಡಲೇ ಮೇಲೆ ಹುಡುಕುವ ಜಾಗ ಇರುತ್ತದೆ. ಅಲ್ಲಿ ಇಂಗ್ಲಿಷ್‌ನಲ್ಲಿ ವೈಬ್ರೇಷನ್ ಎಂದು ಟೈಪ್ ಮಾಡಿ. ಫೋನ್ ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಬರೆಯಿರಿ. ಸಂಬಂಧಪಟ್ಟ ಸಾಲುಗಳೆಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ.

ಆ ಪುಟದಲ್ಲಿ ನಾನಾದರೆ ಹೀಗೆ ಮಾಡುತ್ತೇನೆ:

1. ಎಲ್ಲಕ್ಕಿಂತ ಮೇಲಿರುವ ಯೂಸ್ ವೈಬ್ರೇಷನ್ ಆ್ಯಂಡ್ ಹ್ಯಾಪ್ಟಿಕ್ಸ್ ಆನ್ ಇರಲಿ. ಅದು ಮೇನ್ ಸ್ವಿಚ್. ಆಫ್ ಇದ್ದರೆ ಕೆಳಗಿನದ್ಯಾವುದೂ ಕೆಲಸ ಮಾಡುವುದಿಲ್ಲ.

2. ರಿಂಗ್ ವೈಬ್ರೇಷನ್ ಪಟ್ಟಿಯನ್ನು ಕೊನೆಯವರೆಗೆ ಎಳೆಯಿರಿ. ಎಳೆದು ಬಿಟ್ಟಾಗ ಫೋನ್ ಒಮ್ಮೆ ಅದುರಿ ತೋರಿಸುತ್ತದೆ. ಕೈಯಲ್ಲಿ ಹಿಡಿದು ನೋಡಬೇಡಿ. ದಿನಾ ಇಡುವ ಜೇಬಿನಲ್ಲಿಟ್ಟು, ಬೇರೆಯವರಿಂದ ಒಂದು ಕಾಲ್ ಮಾಡಿಸಿ ನೋಡಿ. ಬೆರಳ ತುದಿಗೆ ಗೊತ್ತಾಗುವಷ್ಟು ತೊಡೆಗೆ ಗೊತ್ತಾಗುವುದಿಲ್ಲ.

3. ನೋಟಿಫಿಕೇಷನ್ ವೈಬ್ರೇಷನ್ ಅರ್ಧಕ್ಕಿಂತ ಕೆಳಗೆ. ಕಾಲ್ ಯಾವುದು, ಮೆಸೇಜ್ ಯಾವುದು ಅಂತ ಫೋನ್ ತೆಗೆಯದೆಯೇ ತಿಳಿಯಬೇಕು.

4. ಅಲಾರಂ ವೈಬ್ರೇಷನ್ ಜೋರೇ ಇರಲಿ. ಆದರೆ ಬರೀ ವೈಬ್ರೇಷನ್ ನಂಬಿ ಮಲಗಬೇಡಿ. ಹಾಸಿಗೆಯ ಹತ್ತಿ ಅದನ್ನೆಲ್ಲ ನುಂಗಿಬಿಡುತ್ತದೆ.

5. ಟಚ್ ಫೀಡ್‌ಬ್ಯಾಕ್ ಮತ್ತು ಮೀಡಿಯಾ ವೈಬ್ರೇಷನ್ ನಿಮ್ಮ ಇಷ್ಟ. ಗೇಮ್ ಆಡದವರು ಮೀಡಿಯಾದ್ದನ್ನು ಆಫ್ ಮಾಡಿದರೆ ಏನೂ ನಷ್ಟವಿಲ್ಲ.

ಇದೇ ಪುಟದಲ್ಲಿ ಮೊದಲು ವೈಬ್ರೇಟ್ ಆಗಿ ಆಮೇಲೆ ನಿಧಾನವಾಗಿ ರಿಂಗ್ ಏರುವ ಆಯ್ಕೆಯೂ ಕೆಲವು ಫೋನ್‌ಗಳಲ್ಲಿದೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಒಳ್ಳೆಯದು. ಮೆಷಿನ್ ಮುಂದೆ ಕೂರುವವರಿಗೆ ಬೇಡ, ರಿಂಗ್ ಏರುವ ಹೊತ್ತಿಗೆ ಕಾಲ್ ಕಟ್ ಆಗಿರುತ್ತದೆ.

ಗದ್ದಲದ ಜಾಗದವರಿಗೆ

ಹೊಲಿಗೆ ಶೆಡ್ಡು, ಅಕ್ಕಿ ಗಿರಣಿ, ತೋರಣಗಲ್ಲಿನ ಕಾರ್ಖಾನೆ, ಸಂಡೂರಿನ ಗಣಿಯ ಟಿಪ್ಪರ್. ಇಲ್ಲೆಲ್ಲ ಸದ್ದಷ್ಟೇ ತೊಂದರೆ ಅಲ್ಲ. ಕುರ್ಚಿ, ಟೇಬಲ್, ಸ್ಟೇರಿಂಗ್ ಎಲ್ಲವೂ ಅದುರುತ್ತಿರುತ್ತವೆ. ಒಂದೇ ಸಮನೆ ಅದುರುವುದಕ್ಕೆ ಚರ್ಮ ಒಗ್ಗಿಕೊಂಡುಬಿಡುತ್ತದೆ. ಅದರ ನಡುವೆ ಫೋನಿನ ಸಣ್ಣ ಗುರ್ ಕರಗಿಹೋಗುತ್ತದೆ. ಜೋರು ಮಾಡಿದರೂ ಪೂರ್ತಿ ಪರಿಹಾರ ಸಿಗುವುದಿಲ್ಲ. ಬಿಟ್ಟು ಬಿಟ್ಟು ಬರುವ ವೈಬ್ರೇಷನ್ ಬೇಕು. ಮೆಷಿನ್ ಒಂದೇ ಲಯದಲ್ಲಿ ಓಡುತ್ತಿರುವಾಗ ಬೇರೆ ಲಯದ್ದು ಬೇಗ ತಿಳಿಯುತ್ತದೆ.

ಸ್ಯಾಮ್‌ಸಂಗ್‌ನ ಕಾಲ್ ವೈಬ್ರೇಷನ್ ಒಳಗೆ ಇಂಥ ಹಲವು ಮಾದರಿಗಳಿವೆ. ಎದೆಬಡಿತದಂಥದ್ದು, ಗಡಿಯಾರದ ಟಿಕ್‌ಟಾಕ್‌ನಂಥದ್ದು, ಹೀಗೆ. ಒಂದೊಂದನ್ನೂ ಒತ್ತಿ ನೋಡಿ. ಕೆಲಸದ ಜಾಗದಲ್ಲಿ, ಮೆಷಿನ್ ಓಡುವಾಗಲೇ ಆರಿಸಿ. ಮನೆಯ ಕಟ್ಟೆ ಮೇಲೆ ಕೂತು ಆರಿಸಿದ್ದು ಶೆಡ್ಡಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲೇ ವೈಬ್ರೇಟ್ ವೈಲ್ ರಿಂಗಿಂಗ್ ಅನ್ನುವ ಸಾಲನ್ನೂ ಆನ್ ಮಾಡಿ. ಇಲ್ಲದಿದ್ದರೆ ರಿಂಗ್ ಇರುವಾಗ ವೈಬ್ರೇಷನ್ ಬರುವುದಿಲ್ಲ.

ಮಾದರಿಗಳೇ ಇಲ್ಲದ ಫೋನ್ ಆದರೆ ಎರಡು ಉಪಾಯ. ದಪ್ಪ ರಬ್ಬರ್ ಕವರ್ ತೆಗೆದು ತೆಳುವಾದದ್ದನ್ನು ಹಾಕಿ. ಫೋನನ್ನು ಸಡಿಲ ಜೇಬಿನಿಂದ ಮೈಗೆ ತಾಗುವ ಜೇಬಿಗೆ ಬದಲಿಸಿ. ಇಷ್ಟಕ್ಕೇ ವ್ಯತ್ಯಾಸ ಗೊತ್ತಾಗುತ್ತದೆ. ಸ್ಮಾರ್ಟ್ ಬ್ಯಾಂಡ್ ಇದ್ದರೆ ಇನ್ನೂ ಸಲೀಸು, ಅದು ನೇರ ಚರ್ಮಕ್ಕೇ ತಾಗಿರುತ್ತದೆ.

ಕೀಬೋರ್ಡಿನ ಟಿಕ್ ಟಿಕ್

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ಜಾಸ್ತಿ ಕಾಡುತ್ತದೆ. ಒಂದು ಒತ್ತಕ್ಷರಕ್ಕೇ ಮೂರು ನಾಲ್ಕು ಸಲ ಕೀಲಿ ಒತ್ತಬೇಕು, ಪ್ರತಿ ಸಲವೂ ಟಿಕ್. ಗೂಗಲ್‌ನ ಜಿಬೋರ್ಡ್ ಬಳಸುತ್ತಿದ್ದರೆ ಕೀಬೋರ್ಡಿನ ಮೇಲಿನ ಸಾಲಿನಿಂದ ಅದರ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರಿಫರೆನ್ಸಸ್ ಒತ್ತಿ, ಕೆಳಗೆ ಸರಿಸಿ. ಹ್ಯಾಪ್ಟಿಕ್ ಫೀಡ್‌ಬ್ಯಾಕ್ ಆನ್ ಕೀಪ್ರೆಸ್ ಅಂತ ಇರುತ್ತದೆ. ಅದನ್ನು ಆಫ್ ಮಾಡಿ. ಪೂರ್ತಿ ಬೇಡ, ಸ್ವಲ್ಪ ಇರಲಿ ಅನ್ನುವವರು ಅದರ ಕೆಳಗೇ ಇರುವ ಸ್ಟ್ರೆಂತ್ ಕಡಿಮೆ ಮಾಡಿ.

ಇದರಿಂದ ಬ್ಯಾಟರಿ ಉಳಿಯುತ್ತದೆಯೇ? ಒಂದಿಷ್ಟು ಉಳಿಯುತ್ತದೆ, ಆದರೆ ಪರದೆಯ ಬೆಳಕು ತಿನ್ನುವುದರ ಮುಂದೆ ಅದು ಲೆಕ್ಕಕ್ಕಿಲ್ಲ. ವಯಸ್ಸಾದವರ ಫೋನ್ ಆದರೆ ನಾನು ಆಫ್ ಮಾಡಿ ಎನ್ನುವುದಿಲ್ಲ. ಕೀಲಿ ಬಿತ್ತೋ ಇಲ್ಲವೋ ಎಂದು ಅನುಮಾನಪಟ್ಟು ಮತ್ತೆ ಮತ್ತೆ ಒತ್ತುವವರಿಗೆ ಆ ಸಣ್ಣ ಟಿಕ್ ಒಂದು ಧೈರ್ಯ.

ಆ್ಯಪ್‌ಗಳ ಬಾಯಿ ಮುಚ್ಚಿಸುವುದು

ಹೆಚ್ಚು ನೆಮ್ಮದಿ ಸಿಗುವುದು ಇಲ್ಲಿ. 2017ರಲ್ಲಿ ಬಂದ ಆ್ಯಂಡ್ರಾಯ್ಡ್ 8ರಿಂದ ಈಚೆಗೆ ಒಂದೊಂದು ಆ್ಯಪ್‌ನ ನೋಟಿಫಿಕೇಷನ್‌ಗಳೂ ಬೇರೆ ಬೇರೆ ಗುಂಪಾಗಿ ಬರುತ್ತವೆ. ಶಾಪಿಂಗ್ ಆ್ಯಪ್ ಅಂದರೆ ಆರ್ಡರ್ ಸುದ್ದಿ ಒಂದು ಗುಂಪು, ಆಫರ್ ಇನ್ನೊಂದು ಗುಂಪು. ಎಲ್ಲ ಆ್ಯಪ್‌ಗಳೂ ಇದನ್ನು ಪ್ರಾಮಾಣಿಕವಾಗಿ ವಿಂಗಡಿಸುವುದಿಲ್ಲ, ಅದು ಬೇರೆ ಮಾತು.

ಬೇಡದ ನೋಟಿಫಿಕೇಷನ್ ಬಂದಾಗ ಉಜ್ಜಿ ಓಡಿಸುವ ಬದಲು ಅದನ್ನೇ ಒತ್ತಿ ಹಿಡಿಯಿರಿ. ಸೈಲೆಂಟ್ ಅನ್ನುವ ಆಯ್ಕೆ ಬರುತ್ತದೆ. ಒತ್ತಿದರೆ ಮುಂದೆ ಆ ಗುಂಪಿನದ್ದು ಸದ್ದಿಲ್ಲದೆ ಬಂದು ಕೂರುತ್ತದೆ. ಪಕ್ಕದ ಹಲ್ಲುಚಕ್ರದ ಚಿತ್ರ ಒತ್ತಿ ಒಳಗೆ ಹೋದರೆ ವೈಬ್ರೇಷನ್ ಒಂದನ್ನೇ ತೆಗೆಯಲೂಬಹುದು. ಒಂದು ವಾರ ಹೀಗೆ ಬಂದದ್ದನ್ನೆಲ್ಲ ಒತ್ತಿ ಹಿಡಿಯುತ್ತಾ ಹೋಗಿ. ಫೋನ್ ಬಹಳ ಸಾಧು ಆಗುತ್ತದೆ.

ವಾಟ್ಸ್‌ಆ್ಯಪ್‌ಗೆ ಅದರದ್ದೇ ಸೆಟ್ಟಿಂಗ್ಸ್ ಇದೆ. ಅದರೊಳಗೆ ನೋಟಿಫಿಕೇಷನ್ಸ್ ತೆರೆದರೆ ಮೆಸೇಜ್, ಗ್ರೂಪ್, ಕಾಲ್ ಮೂರಕ್ಕೂ ಬೇರೆ ಬೇರೆ ವೈಬ್ರೇಟ್ ಆಯ್ಕೆ: ಆಫ್, ಡಿಫಾಲ್ಟ್, ಶಾರ್ಟ್, ಲಾಂಗ್. ಗ್ರೂಪ್‌ಗಳಿಗೆ ಆಫ್, ಮೆಸೇಜಿಗೆ ಶಾರ್ಟ್, ಕಾಲಿಗೆ ಲಾಂಗ್ ಇಡಿ. ಮಕ್ಕಳ ಶಾಲೆಯ ಗ್ರೂಪ್ ಒಂದು ಬೇಕೇ ಬೇಕಲ್ವಾ? ಆ ಗ್ರೂಪ್ ತೆರೆದು ಮೇಲಿರುವ ಹೆಸರನ್ನು ಮುಟ್ಟಿ. ನೋಟಿಫಿಕೇಷನ್ಸ್ ಒಳಗೆ ಅದೊಂದಕ್ಕೇ ಬೇರೆ ವೈಬ್ರೇಷನ್ ಕೊಡಬಹುದು.

ರಾತ್ರಿ ಕರೆಂಟಿನ ರೈತರಿಗೆ

ಸಿರುಗುಪ್ಪ, ಕಂಪ್ಲಿ ಕಡೆ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ (ಫೋನಿನಿಂದಲೇ ಮೋಟರ್ ಆನ್, ಆಫ್ ಮಾಡುವ ಪೆಟ್ಟಿಗೆ) ಹಾಕಿಸಿಕೊಂಡವರು ಇದ್ದೀರಿ. ತ್ರೀಫೇಸ್ ಬಂದ ಕೂಡಲೇ ಸ್ಟಾರ್ಟರ್‌ನ ಸಿಮ್‌ನಿಂದ ಕಾಲ್ ಬರುತ್ತದೆ. ಆ ಒಂದು ಕಾಲಿಗಾಗಿ ರಾತ್ರಿಯಿಡೀ ಎಲ್ಲ ಗುರ್‌ಗುರ್ ಸಹಿಸಬೇಕಿಲ್ಲ. ಸ್ಟಾರ್ಟರ್ ನಂಬರನ್ನು ಕಾಂಟ್ಯಾಕ್ಟ್ಸ್‌ನಲ್ಲಿ ಸೇವ್ ಮಾಡಿ, ಹೆಸರಿನ ಪಕ್ಕದ ನಕ್ಷತ್ರ ಒತ್ತಿ. ಆಮೇಲೆ ಡು ನಾಟ್ ಡಿಸ್ಟರ್ಬ್ ಸೆಟ್ಟಿಂಗ್‌ನಲ್ಲಿ ಕಾಲ್ಸ್ ಎಂಬಲ್ಲಿ ನಕ್ಷತ್ರ ಹಾಕಿದವರಿಗೆ ಮಾತ್ರ ಬಿಡುವಂತೆ ಆರಿಸಿ. ಮಲಗುವಾಗ ಅದನ್ನು ಆನ್ ಮಾಡಿದರೆ ಮೆಸೇಜ್‌ಗಳೆಲ್ಲ ಸುಮ್ಮನಿರುತ್ತವೆ, ಸ್ಟಾರ್ಟರ್ ಕಾಲ್ ಬರುತ್ತದೆ. ರಿಪೀಟ್ ಕಾಲರ್ಸ್ ಅನ್ನೂ ಆನ್ ಇಡಿ. ಒಬ್ಬರೇ 15 ನಿಮಿಷದೊಳಗೆ ಎರಡನೇ ಸಲ ಮಾಡಿದರೆ ಆ ಕಾಲ್ ಒಳಗೆ ಬರುತ್ತದೆ. ಊರಿನಲ್ಲಿ ಯಾರಿಗಾದರೂ ಹುಷಾರಿಲ್ಲದಾಗ ಇದು ಬೇಕಾಗುತ್ತದೆ.

ಇಷ್ಟಾದರೂ ಅದುರದಿದ್ದರೆ

ಸ್ಯಾಮ್‌ಸಂಗ್ ಇದ್ದರೆ ಡಯಲ್ ಮಾಡುವ ಜಾಗದಲ್ಲಿ *#0*# ಒತ್ತಿ. ಹೆಚ್ಚಿನ ಮಾಡೆಲ್‌ಗಳಲ್ಲಿ ಪರೀಕ್ಷೆಯ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ವೈಬ್ರೇಷನ್ ಒತ್ತಿದಾಗಲೂ ಸುಮ್ಮನಿದ್ದರೆ ಸೆಟ್ಟಿಂಗ್ ತಪ್ಪಲ್ಲ, ಮೋಟರೇ ಹೋಗಿದೆ. ಬೇರೆ ಕಂಪನಿಯವರು ಒಮ್ಮೆ ರೀಸ್ಟಾರ್ಟ್ ಮಾಡಿ, ರಿಂಗ್ ವೈಬ್ರೇಷನ್ ಪಟ್ಟಿ ಎಳೆದು ನೋಡಿದರೆ ಸಾಕು. ಕೆಲವು ಫೋನ್‌ಗಳಲ್ಲಿ ಮೋಟರ್ ಬಿಡಿಯಾಗಿ ಸಿಗುತ್ತದೆ, ಕೆಲವದರಲ್ಲಿ ಚಾರ್ಜಿಂಗ್ ಬೋರ್ಡಿಗೇ ಸೇರಿರುತ್ತದೆ. ರಿಪೇರಿಗೆ ಕೊಡುವ ಮೊದಲು ನಿಮ್ಮ ಮಾಡೆಲಿಗೆ ಯಾವುದು ಎಂದು ಕೇಳಿಕೊಳ್ಳಿ, ಖರ್ಚು ಅದರ ಮೇಲೆ ನಿಂತಿದೆ.

ಕಿವಿ ಕೇಳಿಸದವರಿಗೆ ವೈಬ್ರೇಷನ್ ಜೊತೆ ಬೆಳಕನ್ನೂ ಸೇರಿಸಬಹುದು. ಆ್ಯಂಡ್ರಾಯ್ಡ್ 14ರಲ್ಲಿ ಆ್ಯಕ್ಸೆಸಿಬಿಲಿಟಿ ಒಳಗೆ ಫ್ಲ್ಯಾಶ್ ನೋಟಿಫಿಕೇಷನ್ಸ್ ಇದೆ. ಕಾಲ್ ಬಂದರೆ ಕ್ಯಾಮೆರಾದ ಫ್ಲ್ಯಾಶ್ ಮಿನುಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದು ಅದಕ್ಕೂ ಮೊದಲಿನಿಂದಲೇ ಇದೆ.

ಒಂದನ್ನು ಮಾತ್ರ ಆಫ್ ಮಾಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಅಂತ ಹುಡುಕಿ, ನೆರೆಯಂಥ ಅಪಾಯದ ಹೊತ್ತಿಗೆ ಸರ್ಕಾರ ಫೋನಿಗೆ ಕಳಿಸುವ ಎಚ್ಚರಿಕೆ ಅದು. 2023ರಲ್ಲಿ ಸರ್ಕಾರ ಪರೀಕ್ಷೆ ಮಾಡಿದಾಗ ಎಲ್ಲರ ಫೋನ್ ಒಟ್ಟಿಗೆ ಕಿರುಚಿತ್ತಲ್ಲ, ಅದೇ ಇದು. ಕಿರಿಕಿರಿ ಅಂತ ಆಗ ಆಫ್ ಮಾಡಿಕೊಂಡವರು ಈಗ ಮತ್ತೆ ಆನ್ ಮಾಡಿ, ಅದರೊಳಗಿನ ವೈಬ್ರೇಷನ್ ಸಾಲನ್ನೂ ನೋಡಿಕೊಳ್ಳಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದು ರಾತ್ರಿ ಹೊತ್ತಿನಲ್ಲೇ. ಹೊಳೆ ದಂಡೆಯ ಊರಿನವರು ಮನೆಯಲ್ಲಿರುವ ಎಲ್ಲ ಫೋನ್‌ಗಳಲ್ಲೂ ಇದನ್ನು ಒಮ್ಮೆ ತೆರೆದು ನೋಡಿ.