ಬೀದರ್ ವಿಮಾನ ನಿಲ್ದಾಣದ ಹಳೇ ನೆನಪು ನಾನು ಕೂಡಿಸಿದ್ದು ಹೀಗೆ

"ಅಜ್ಜಾ, ನೀವು ವಿಮಾನ ನೋಡಿದ್ರೇನು?" ಅಂತ ಮಾತ್ರ ಕೇಳಬೇಡಿ. ಬೀದರ್‌ನಲ್ಲಿ ವಿಮಾನ ನೋಡದವರು ಯಾರಿದ್ದಾರೆ? ಈಗ ತಲೆ ಮೇಲೆ ಹಾಕ್ ಜೆಟ್‌ಗಳು ಸುತ್ತುತ್ತವೆ, ಅದಕ್ಕೂ ಮೊದಲು ಅರವತ್ತರ ದಶಕದಿಂದ ತರಬೇತಿ ಶಾಲೆಯ ಪುಟ್ಟ ವಿಮಾನಗಳು, ನಡುವೆ ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣ. ಎಲ್ಲಾ ಸೇರಿ ಕಲಸಿಹೋಗಿದೆ. ನನಗೆ ಬೇಕಿದ್ದದ್ದು ಮಹಾಯುದ್ಧದ ಹೊತ್ತಿನದು, ಅಂದರೆ 1942ರಲ್ಲಿ ನಿಜಾಮರ ಕಾಲದಲ್ಲಿ ಈ ನಿಲ್ದಾಣ ಆದಾಗಿನ ಮಾತು.

ಅದಕ್ಕೆ ನಾನು ಆಕಾಶ ಬಿಟ್ಟು ನೆಲದ ಬಗ್ಗೆ ಕೇಳಲು ಶುರು ಮಾಡಿದೆ. ಯಾರ ಹೊಲ ಹೋಯ್ತು, ಮುರುಮ್ (ಕೆಂಪು ಗರಸು ಮಣ್ಣು) ಎಲ್ಲಿಂದ ಬಂತು, ಕೂಲಿ ನಿಜಾಮರ ನಾಣ್ಯ ಹಾಲಿ ಸಿಕ್ಕಾದಲ್ಲಿ ಕೊಟ್ಟರೋ ಬ್ರಿಟಿಷ್ ರೂಪಾಯಿ ಕಲ್ದಾರ್‌ನಲ್ಲೋ? ಈ ಕೊನೇ ಪ್ರಶ್ನೆ ಭಾರೀ ಕೆಲಸ ಮಾಡುತ್ತದೆ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಅನ್ನೋ ಲೆಕ್ಕ ಬಾಯಿಗೆ ಬಂತು ಅಂದರೆ ಉಳಿದದ್ದೂ ಬರುತ್ತದೆ. ಒಬ್ಬ ಅಜ್ಜಿಗೆ ವಿಮಾನದ ನೆನಪು ಹೆಚ್ಚೇನೂ ಇರಲಿಲ್ಲ. ಆದರೆ ಸೆರಗನ್ನು ಸುತ್ತಿ ಸಿಂಬಿ ಮಾಡಿ ತಲೆ ಮೇಲಿಟ್ಟುಕೊಂಡು ಮುರುಮ್ ಬುಟ್ಟಿ ಹೇಗೆ ಏರಿಸುತ್ತಿದ್ದರು ಅಂತ ಕೂತಲ್ಲೇ ಮಾಡಿ ತೋರಿಸಿದರು. ಬುಟ್ಟಿಯ ಸಂದಿಯಿಂದ ಕೆಂಪು ಧೂಳು ಸೋರಿ ಕಣ್ಣಿಗೆ ಬೀಳುತ್ತಿತ್ತಂತೆ, ಅದಕ್ಕೆ ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ನಡೆಯಬೇಕು. "ಜಹಾಜ್ ಯಾರ್ ನೋಡ್ಯಾರ ತಮ್ಮಾ, ಕಣ್ಣಾಗೆಲ್ಲ ಮಣ್ಣು!"

ಇಸವಿ ಹಿಡಿಯೋದು ಕಷ್ಟ. ನಮ್ಮ ಕಡೆ ಹಿರಿಯರು ಎಲ್ಲವನ್ನೂ ರಜಾಕಾರರ (ನಿಜಾಮರ ಪರ ಇದ್ದ ಖಾಸಗಿ ಪಡೆಯವರ) ಗಲಾಟೆಗೆ ಮುಂಚೆ, ಆಮೇಲೆ ಅಂತಲೇ ಹೇಳೋದು. ಮನೆಯಲ್ಲಿ ಹಳೇ ಹೊಲದ ಕಾಗದ ಇದ್ದರೆ ತೆಗೆಸಿ. ಉರ್ದು ಓದುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅದರಲ್ಲಿ ಫಸಲಿ ಸನ್, ಅಂದರೆ ನಿಜಾಮರ ಆಡಳಿತದ ವರ್ಷದ ಲೆಕ್ಕ, ಇರುತ್ತದೆ, 590 ಕೂಡಿಸಿದರೆ ನಮ್ಮ ಇಸವಿ. ನಿಜಾಮರ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಶುರುವಾಗುತ್ತಿತ್ತು, ಜನವರಿ ಅಥವಾ ಆಮೇಲಿನ ತಿಂಗಳಾದರೆ 591 ಕೂಡಿಸಬೇಕು. ಪೊಲೀಸ್ ಆ್ಯಕ್ಷನ್ (1948ರಲ್ಲಿ ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ಕಾರ್ಯಾಚರಣೆ) ಆಗಿದ್ದು ಫಸಲಿ 1357 ಮುಗಿಯುವ ಹೊತ್ತಿಗೆ.

ಇನ್ನೊಂದು ಗುರುತು ಸಪ್ಪಳ. ಗಾಂಧಿ ಗಂಜ್‌ನ ಆಡತ್ ಅಂಗಡಿ ಕಟ್ಟೆ ಮೇಲೆ ಇಬ್ಬರು ಹಿರಿಯರು ಇದರ ಮೇಲೆ ಜಗಳಕ್ಕೇ ಬಿದ್ದರು. ಒಬ್ಬರು ರಾತ್ರಿ ಹೊತ್ತು ಗುಂಯ್ ಅನ್ನೋ ಭಾರದ ಸದ್ದು ಅಂದರು, ಇನ್ನೊಬ್ಬರು ಅಲ್ಲ ಹಗಲಲ್ಲೇ, ಕಿರ್ ಅಂತ ತಲೆ ಮೇಲೆ ಹಾದುಹೋಯ್ತು ಅಂದರು. ನನಗೆ ಇಬ್ಬರೂ ಸರಿ ಅನಿಸಿತು. 1948ರಲ್ಲಿ ಸಿಡ್ನಿ ಕಾಟನ್ ಅನ್ನೋ ಆಸ್ಟ್ರೇಲಿಯಾದವನು ನಿಜಾಮರಿಗೆ ಕರಾಚಿಯಿಂದ ಕದ್ದು ಆಯುಧ ಸಾಗಿಸಿದ್ದು ಲ್ಯಾಂಕಾಸ್ಟ್ರಿಯನ್‌ನಲ್ಲಿ, ಅದಕ್ಕೆ ನಾಲ್ಕು ಎಂಜಿನ್. ಇಳಿಯುತ್ತಿದ್ದ ಜಾಗಗಳಲ್ಲಿ ಬೀದರ್ ಕೂಡ ಒಂದು. ಸೆಪ್ಟೆಂಬರ್ 13ರಿಂದ ಆ ಪೊಲೀಸ್ ಕಾರ್ಯಾಚರಣೆ ನಡೆದಾಗ ಬಂದದ್ದು ಭಾರತೀಯ ವಾಯುಪಡೆಯ ಟೆಂಪೆಸ್ಟ್, ಒಂದೇ ಎಂಜಿನ್. "ಆಗ ಹೊಲದಾಗ ಏನಿತ್ತು?" ಅಂತ ಎರಡನೆಯವರನ್ನು ಕೇಳಿದೆ. ಹೆಸರು-ಉದ್ದು ಬಿಡಿಸುತ್ತಿದ್ದೆವು ಅಂದರು. ತಿಂಗಳೂ ಕೂಡಿಬಂತು.

ಇಬ್ಬರು-ಮೂವರನ್ನು ಒಟ್ಟಿಗೆ ಕೂಡಿಸಿದರೆ ಇದೇ ಲಾಭ, ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುತ್ತಾರೆ. ಆದರೆ 1948ರ ಮಾತು ಬಂದಾಗ ಮಾತ್ರ ಬೇರೆ ಬೇರೆಯಾಗಿ, ಮನೆಯಲ್ಲೇ ಕೇಳಬೇಕು. ರಜಾಕಾರರ ಕೈಲಿ ಅನುಭವಿಸಿದವರೂ ಇದ್ದಾರೆ, ಆಮೇಲೆ ಮುಸ್ಲಿಂ ಮನೆಗಳಲ್ಲಿ ಜೀವ ಹೋದದ್ದೂ ಇದೆ. ಆಗಿನ ಹಿಂಸೆ ನೋಡಿ ಬರಲು ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿದೆ. ಯಾರಾದರೂ ತಡೆದು ಮಾತಾಡಿದರೆ ನಾನು ಫೋನ್ ರೆಕಾರ್ಡಿಂಗ್ ಬಂದ್ ಮಾಡಿ, ಅವರಿಗೆ ಕಾಣುವ ಹಾಗೆ ಮಗ್ಗಲಿಗಿಡುತ್ತೇನೆ. ಹೇಳಿದರೆ ಹೇಳಲಿ, ಬಿಟ್ಟರೆ ಬಿಡಲಿ.

ಇನ್ನೊಂದು, ನಿಲ್ದಾಣದ ಬೇಲಿ ಹತ್ತಿರ ಕ್ಯಾಮೆರಾ ಹಿಡಿದು ಓಡಾಡಬೇಡಿ. ಅದು ವಾಯುಪಡೆಯ ಜಾಗ, ಸುಮ್ನೆ ತಕರಾರು. ನನಗಂತೂ ಒಳಗಿನ ಫೋಟೊ ಬೇಕೇ ಆಗಲಿಲ್ಲ. ರೆಕಾರ್ಡ್ ಮಾಡಿದ್ದನ್ನು ಅವರ ಮೊಮ್ಮಕ್ಕಳ ಫೋನಿಗೂ ಕಳಿಸುತ್ತೇನೆ. ಅವರು ಮನೆಯಲ್ಲಿ ಹಾಕಿ ಕೇಳಿಸಿದಾಗ ಅಜ್ಜಿಗೆ ಬಿಟ್ಟುಹೋದದ್ದು ನೆನಪಾಗುತ್ತದೆ, ಮತ್ತೆ ಕರೆ ಬರುತ್ತದೆ.