ಮೊದಲ ಆರ್‌ಪಿಜಿ: ಆರಿಸುವ ಮತ್ತು ಆಡುವ ಬಗೆ

ಆರ್‌ಪಿಜಿ, ಅಂದರೆ ಒಂದು ಪಾತ್ರ ವಹಿಸಿಕೊಂಡು ಆಡುವ ರೋಲ್‌ಪ್ಲೇಯಿಂಗ್ ವಿಡಿಯೋ ಗೇಮ್, ಎಂದಕೂಡಲೇ ಕತ್ತಿ, ಮಂತ್ರದಂಡ, ಬೆಂಕಿಯುಗುಳುವ ಡ್ರ್ಯಾಗನ್ ಕಣ್ಣ ಮುಂದೆ ಬರುವುದು ಸಹಜ. ಆದರೆ ಇವು ಯಾವುವೂ ಇಲ್ಲದ ಉತ್ತಮ ರೋಲ್‌ಪ್ಲೇಯಿಂಗ್ ಗೇಮ್‌ಗಳೂ ಇವೆ, ಇವೆಲ್ಲ ತುಂಬಿ ತುಳುಕಿಯೂ ಸಪ್ಪೆಯಾದವೂ ಇವೆ. ನಾವು ವಹಿಸಿಕೊಂಡ ಪಾತ್ರಕ್ಕೆ ತಕ್ಕಂತೆ ಆಟ ನಮ್ಮೊಡನೆ ವರ್ತಿಸುತ್ತದೆಯೇ, ನಾವು ಮಾಡಿದ್ದನ್ನು ನೆನಪಿಟ್ಟುಕೊಳ್ಳುತ್ತದೆಯೇ ಎಂಬ ಎರಡು ಪ್ರಶ್ನೆಗಳಿಂದಲೇ ನಾನು ಇವುಗಳ ಬೆಲೆ ಕಟ್ಟುತ್ತೇನೆ. ಹೊಸಬರು ಗೇಮ್ ಆರಿಸಿಕೊಳ್ಳುವಾಗಲೂ, ಆರಿಸಿಕೊಂಡದ್ದನ್ನು ಆಡುವಾಗಲೂ ಈ ಎರಡನ್ನೇ ಹಿಡಿದು ಹೊರಡುವುದು ಒಳ್ಳೆಯದು.

ಸ್ಕ್ವೇರ್ ಕಂಪನಿ 1995ರಲ್ಲಿ ಹೊರತಂದ ಕ್ರೋನೋ ಟ್ರಿಗರ್ ಗೇಮ್‌ನ ಆರಂಭದಲ್ಲಿಯೇ ನಾಯಕ ಕ್ರೋನೋ ಒಂದು ಜಾತ್ರೆಗೆ ಹೋಗುತ್ತಾನೆ. ಅಲ್ಲಿ ಒಬ್ಬ ಹುಡುಗಿಗೆ ಡಿಕ್ಕಿ ಹೊಡೆದಾಗ ಅವಳ ಕೊರಳ ಪದಕ ಸಿಡಿದು ನೆಲಕ್ಕೆ ಬೀಳುತ್ತದೆ. ಇನ್ನೊಂದೆಡೆ ಮೇಜಿನ ಮೇಲೆ ಯಾರದೋ ಊಟದ ಬುತ್ತಿ ಇರುತ್ತದೆ. ಮತ್ತೊಂದೆಡೆ ಒಬ್ಬ ಚಿಕ್ಕ ಹುಡುಗಿ ತನ್ನ ಬೆಕ್ಕನ್ನು ಕಳೆದುಕೊಂಡು ನಿಂತಿರುತ್ತಾಳೆ. ಇಂಥ ಗೇಮ್‌ಗಳಲ್ಲಿ ಕಂಡದ್ದನ್ನೆಲ್ಲ ಬಾಚಿಕೊಳ್ಳುವುದೇ ರೂಢಿಯಾದ್ದರಿಂದ, ಪಳಗಿದವರ ಕೈ ತಾನಾಗಿಯೇ ಪದಕದ ಕಡೆಗೂ ಬುತ್ತಿಯ ಕಡೆಗೂ ಹೋಗುತ್ತದೆ. ಮುಂದೆ ಒಂದು ದಿನ ಕ್ರೋನೋನನ್ನು ನ್ಯಾಯಾಲಯದಲ್ಲಿ ನಿಲ್ಲಿಸಿದಾಗ, ಬುತ್ತಿ ತಿಂದದ್ದು, ಬಿದ್ದವಳನ್ನು ವಿಚಾರಿಸುವ ಮೊದಲೇ ಪದಕ ಎತ್ತಿಕೊಂಡದ್ದು ಸಾಕ್ಷ್ಯವಾಗಿ ಎದುರು ನಿಲ್ಲುತ್ತವೆ; ಬೆಕ್ಕನ್ನು ಮರಳಿಸಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ತೀರ್ಪು ಏನೇ ಬರಲಿ, ಕ್ರೋನೋ ಸೆರೆಮನೆ ಸೇರುವುದು ತಪ್ಪುವುದಿಲ್ಲ. ಹಾಗಿದ್ದೂ ಅಲ್ಲಿಂದ ಮುಂದೆ ಯಾರ ಮನೆಯ ಪೆಟ್ಟಿಗೆ ತೆರೆಯುವಾಗಲೂ ಕೈ ಒಂದು ಕ್ಷಣ ತಡೆಯುತ್ತದೆ. ಮೊದಲ ಆರ್‌ಪಿಜಿ ಯಾವುದಿರಲಿ ಎಂದು ಕೇಳಿದವರಿಗೆ ನಾನು ಇದನ್ನೇ ಹೇಳುತ್ತೇನೆ. ಸುಮಾರು ಇಪ್ಪತ್ತು, ಇಪ್ಪತ್ತೈದು ಗಂಟೆಗಳಲ್ಲಿ ಮುಗಿಯುತ್ತದೆ, ಇಂದಿನ ಕಂಪ್ಯೂಟರ್ ಮತ್ತು ಫೋನ್‌ಗಳಲ್ಲಿಯೂ ಸಿಗುತ್ತದೆ.

ಗೇಮ್ ಆರಿಸುವಾಗ ನಿಮ್ಮ ಬಳಿ ಇರುವ ಸಮಯವನ್ನು ಮೊದಲು ಎಣಿಸಿಕೊಳ್ಳಬೇಕು. ಶಾಲಾ ದಿನಚರಿಯನ್ನು ಒಂದೊಂದೇ ದಿನವಾಗಿ ನಡೆಸುವ ಪರ್ಸೋನಾ 5 ಮುಗಿಯಲು ನೂರು ಗಂಟೆಯ ಆಸುಪಾಸು ಬೇಕು. ವಾರಕ್ಕೆ ಎರಡು ಗಂಟೆ ಆಡುವವರು ಅದನ್ನು ಹಿಡಿದರೆ ಹೆಚ್ಚುಕಡಿಮೆ ಒಂದು ವರ್ಷವೇ ಬೇಕು. ಎರಡನೆಯದಾಗಿ, ಕಾಳಗ ಸರದಿಯ ಪ್ರಕಾರ ನಡೆಯುತ್ತದೆಯೇ ಅಥವಾ ಆ ಕ್ಷಣದಲ್ಲೇ ಬಟನ್ ಒತ್ತಬೇಕೇ ಎಂಬುದನ್ನು ನೋಡಿಕೊಳ್ಳಿ. ಬೆರಳಿನ ಚುರುಕಿನ ಮೇಲೆ ಭರವಸೆ ಇಲ್ಲದವರು 2022ರ ಎಲ್ಡನ್ ರಿಂಗ್‌ನಿಂದ ಆರಂಭಿಸಬಾರದು, ಅದು ಎಷ್ಟೇ ಸುಂದರವಾಗಿದ್ದರೂ. ಗ್ರಾಫಿಕ್ಸ್ ಹಳೆಯದು ಎಂಬ ಒಂದೇ ಕಾರಣಕ್ಕೆ ಗೇಮ್ ಒಂದನ್ನು ಬಿಡಬೇಡಿ. ಅರ್ಧ ಗಂಟೆಯಲ್ಲಿ ಕಣ್ಣು ಒಗ್ಗಿಹೋಗುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಪಾತ್ರ ರೂಪಿಸುವ ಹಂತದಲ್ಲಿ. ಆಟ ಕೊಡುವ ಪಾಯಿಂಟುಗಳನ್ನು ಬಲ, ಬುದ್ಧಿ ಮುಂತಾದ ಎಲ್ಲ ಗುಣಗಳಿಗೂ ಸಮನಾಗಿ ಹಂಚಿ ಯಾವುದಕ್ಕೂ ಒದಗದ ಒಬ್ಬನನ್ನು ಸೃಷ್ಟಿಸುವುದಕ್ಕಿಂತ, ಇವನು ಯಾರು, ಯಾವುದರಲ್ಲಿ ಗಟ್ಟಿಗ, ಯಾವುದರಲ್ಲಿ ದಡ್ಡ ಎಂದು ಮನಸ್ಸಿನಲ್ಲಿಯೇ ಎರಡು ಸಾಲು ಬರೆದುಕೊಂಡು ಪಾಯಿಂಟು ಹಾಕುವುದು ಮೇಲು. ದೌರ್ಬಲ್ಯಕ್ಕೆ ಹೆದರಬೇಕಿಲ್ಲ, ಒಳ್ಳೆಯ ಗೇಮ್ ಅದನ್ನೂ ಸ್ವಾರಸ್ಯವಾಗಿಸುತ್ತದೆ. 1997ರ ಫಾಲ್‌ಔಟ್‌ನಲ್ಲಿ ಬುದ್ಧಿಶಕ್ತಿಯನ್ನು ತೀರ ಕೆಳಗಿಟ್ಟರೆ ನಾಯಕನ ಮಾತು ತೊದಲುವ ಒಂದೆರಡು ಪದಗಳಿಗೆ ಇಳಿದುಬಿಡುತ್ತದೆ, ಮತ್ತು ಎದುರಿನವರು ಅದಕ್ಕೆ ತಕ್ಕಂತೆಯೇ ನಡೆದುಕೊಳ್ಳುತ್ತಾರೆ. 2019ರ ಡಿಸ್ಕೋ ಎಲಿಸಿಯಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರಲ್ಲಿ ಕತ್ತಿಕಾಳಗವಿಲ್ಲ, ಕುಡಿದು ನೆನಪು ಕಳೆದುಕೊಂಡ ಒಬ್ಬ ಪತ್ತೇದಾರನಿದ್ದಾನೆ, ಅವನ 24 ಸ್ಕಿಲ್‌ಗಳು ಅವನ ತಲೆಯೊಳಗೆ ಮಾತನಾಡುತ್ತಲೇ ಇರುತ್ತವೆ, ಮತ್ತು ಯಾವುದನ್ನು ಅತಿಯಾಗಿ ಬೆಳೆಸುತ್ತೀರೋ ಅದು ತನ್ನ ಹಟವನ್ನೇ ಸಾಧಿಸುವ ಭರದಲ್ಲಿ ದಾರಿ ತಪ್ಪಿಸುವುದೂ ಉಂಟು. ದೇಹಬಲವನ್ನು ತೀರ ಕಡಿಮೆ ಇಟ್ಟರೆ, ಮೊದಲ ಕೋಣೆಯಲ್ಲಿ ಫ್ಯಾನಿಗೆ ಸಿಕ್ಕಿಕೊಂಡ ಟೈ ತೆಗೆಯಲು ಹೋಗಿ ಆಟದ ಆರಂಭದಲ್ಲೇ ಸಾಯಬಹುದು. ನಕ್ಕು ಮತ್ತೆ ಆರಂಭಿಸಿ.

ರೂಪಿಸಿದ ಪಾತ್ರಕ್ಕೆ ನಿಷ್ಠರಾಗಿರುವುದೂ ಮುಖ್ಯ. 2002ರ ಮಾರೋವಿಂಡ್ ಆಡಿದವರಲ್ಲಿ ಅನೇಕರು, ಕತ್ತಿ ಎದುರಾಳಿಗೆ ತಗುಲಿದಂತೆ ಕಂಡರೂ ಪೆಟ್ಟು ಬೀಳುವುದಿಲ್ಲ ಎಂದು ದೂರುತ್ತಾರೆ. ಉದ್ದ ಕತ್ತಿಯ ಸ್ಕಿಲ್ ಆರಿಸಿಕೊಂಡು, ಆರಂಭದಲ್ಲಿ ಸಿಕ್ಕಿದ ಕಿರುಗತ್ತಿಯನ್ನೇ ಬೀಸುತ್ತಿರುವುದು ಒಂದು ಕಾರಣ; ಎಲ್ಲೆಡೆ ಓಡಿ ಓಡಿ ಬಳಲಿ, ಉಳಿದ ಕಸುವನ್ನು ತೋರಿಸುವ ಹಸಿರು ಪಟ್ಟಿ ಬರಿದಾದ ಸ್ಥಿತಿಯಲ್ಲಿ ಕಾಳಗಕ್ಕೆ ಇಳಿಯುವುದು ಇನ್ನೊಂದು. ಪೆಟ್ಟು ಬಿತ್ತೇ ಇಲ್ಲವೇ ಎಂಬುದನ್ನು ನಿರ್ಧರಿಸಲು ತೆರೆಯ ಹಿಂದೆ ದಾಳ ಉರುಳುತ್ತಿರುತ್ತದೆ, ಬಳಲಿದವನಿಗೆ ಆ ದಾಳ ಒಲಿಯುವುದಿಲ್ಲ. ಶತ್ರುವನ್ನು ಕಂಡ ಮೇಲೆ ನಿಂತು ಉಸಿರು ತಿರುಗಿಸಿಕೊಂಡು ಹೋಗಿ ನೋಡಿ, ಅದೇ ಕತ್ತಿ ಬೇರೆಯದೇ ಆಗಿರುತ್ತದೆ. ಬೇರೆ ಗೇಮ್‌ಗಳಲ್ಲೂ ಸೋಲಿಗೆ ಲೆವೆಲ್, ಅಂದರೆ ಆಡಿದಂತೆಲ್ಲ ಏರುವ ಪಾತ್ರದ ಮಟ್ಟ, ಕಡಿಮೆಯಾದದ್ದೇ ಕಾರಣವೆಂದು ಭಾವಿಸಿ ಗಂಟೆಗಟ್ಟಲೆ ಸಣ್ಣ ಪ್ರಾಣಿಗಳನ್ನು ಹೊಡೆಯುತ್ತ ಕೂರುವ ಮೊದಲು, ತೊಟ್ಟ ಆಯುಧ, ಕವಚ, ಚೀಲದಲ್ಲಿ ಕೊಳೆಯುತ್ತಿರುವ ಮದ್ದು ಇವುಗಳನ್ನು ಒಮ್ಮೆ ನೋಡಿಕೊಳ್ಳಿ. ಮುಂದೆ ಬೇಕಾದೀತೆಂದು ಕೂಡಿಟ್ಟ ಮದ್ದಿನ ಬಾಟಲಿಗಳೊಂದಿಗೇ ಎಷ್ಟೋ ಗೇಮ್ ಮುಗಿಸಿದ ಜಿಪುಣ ನಾನು. ಆದ್ದರಿಂದ ಈ ಮಾತನ್ನು ಸ್ವಾನುಭವದಿಂದ ಹೇಳುತ್ತಿದ್ದೇನೆ.

ಇನ್ನು ಸೇವ್ ಮಾಡುವ ವಿಷಯ. ಇದರಲ್ಲಿ ನನ್ನ ನಿಲುವು ಸ್ವಲ್ಪ ಕಠಿಣ. ಕರೆಂಟು ಹೋದೀತು, ಗೇಮ್ ಕೈಕೊಟ್ಟೀತು ಎಂದು ಆಗಾಗ ಸೇವ್ ಮಾಡಿ. ಆದರೆ ಮಾತುಕತೆಯಲ್ಲಿ ಬಂದ ಉತ್ತರ ಹಿಡಿಸಲಿಲ್ಲವೆಂದು ಹಿಂದಕ್ಕೆ ಹೋಗಬೇಡಿ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ನಿಮ್ಮ ಮಾತು ಫಲಿಸಿತೇ ಎಂಬುದನ್ನು ನಿರ್ಧರಿಸುವ 20 ಮುಖಗಳ ದಾಳ ಕಣ್ಣೆದುರೇ ಉರುಳುತ್ತದೆ. 1 ಬಿದ್ದು ಸೋತಾಗ, ಹಳೆಯ ಸೇವ್‌ಗೆ ಮರಳಿಸುವ ಲೋಡ್ ಬಟನ್‌ಗೆ ಕೈ ಹೋಗುವುದು ಸ್ವಾಭಾವಿಕ, ಆದರೆ ಸುಳ್ಳು ಸಿಕ್ಕಿಬಿದ್ದಾಗ ತೆರೆದುಕೊಳ್ಳುವ ದೃಶ್ಯಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿರುತ್ತಾರೆ, ಗೆದ್ದವರಿಗೆ ಅವು ಕಾಣಸಿಗುವುದಿಲ್ಲ. ಪಾತ್ರ ರೂಪಿಸುವಾಗಲೇ ತಪ್ಪಿದ್ದರೆ ಅದು ಬೇರೆ ಮಾತು. ವಿದರ್ಸ್ ಎಂಬ ಅಸ್ಥಿಪಂಜರದಂಥ ವ್ಯಕ್ತಿಗೆ 100 ಚಿನ್ನದ ನಾಣ್ಯ ಕೊಟ್ಟರೆ ಕ್ಲಾಸನ್ನೇ, ಅಂದರೆ ಯೋಧ, ಮಾಂತ್ರಿಕ ಎಂಬಂಥ ಪಾತ್ರದ ವರ್ಗವನ್ನೇ, ಬದಲಿಸಿಕೊಳ್ಳಬಹುದು. 2015ರ ವಿಚರ್ 3 ಹಿಂದಕ್ಕೆ ಹೋಗುವ ಈ ಚಪಲಕ್ಕೆ ಬೇರೆಯೇ ಮದ್ದು ಅರೆದಿದೆ: ಮರದ ಬುಡದಲ್ಲಿ ಬಂಧಿಯಾದ ಆತ್ಮವನ್ನು ಬಿಡಿಸಬೇಕೇ ಕೊಲ್ಲಬೇಕೇ ಎಂದು ನೀವು ತೀರ್ಮಾನಿಸಿದ್ದರ ಪೂರ್ಣ ಫಲ ಕಾಣುವುದು ಬಹಳ ಹೊತ್ತಿನ ನಂತರ, ಮತ್ತೊಂದು ಕುಟುಂಬದ ಬದುಕಿನಲ್ಲಿ. ಅಷ್ಟರಲ್ಲಿ ಹಳೆಯ ಸೇವ್ ಎಷ್ಟೋ ಹಿಂದೆ ಉಳಿದಿರುತ್ತದೆ.

ಅದೇ 2015ರಲ್ಲಿ ಬಂದ ಅಂಡರ್‌ಟೇಲ್‌ನಲ್ಲಿ ಒಬ್ಬರನ್ನೂ ಕೊಲ್ಲದೆ ಕೊನೆ ಮುಟ್ಟಬಹುದು. ಆದರೆ ಆರಂಭದಲ್ಲಿ ನಿಮ್ಮನ್ನು ತಾಯಿಯಂತೆ ನೋಡಿಕೊಂಡ ಟೋರಿಯೆಲ್‌ಳನ್ನು ಆತುರದಲ್ಲಿ ಕೊಂದು, ಮನಸ್ಸು ಕಲುಕಿ, ಹಳೆಯ ಸೇವ್‌ಗೆ ಮರಳಿ ಈ ಬಾರಿ ಉಳಿಸಿದಿರಿ ಎನ್ನಿ. ಮುಂದಿನ ಬಾಗಿಲು ದಾಟಿದಾಗ ಎದುರಾಗುವ ಹೂವು, ಮೊದಲ ಸಲ ನೀವೇನು ಮಾಡಿದಿರಿ ಎಂಬುದು ತನಗೆ ಗೊತ್ತು ಎಂದು ನಗುತ್ತದೆ.